ಎರಡು ಬಾಣದ ಬಂಡೆ

ಹೊಸದಾಗಿ ಕೆಲಸಕ್ಕೆ ಸೇರಿದವರು ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಮೊದಲು ಕೇಳ್ತಿದ್ದ ಪ್ರಶ್ನೆ ಒಂದೇ: "ಮೇಡಂ, ಡೈನೊಸಾರ್ ಎಲ್ಲಿ?"

ಇಲ್ಲ ಕಣ್ರಪ್ಪ, ಇಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಡೈನೊಸಾರಿನ ಒಂದು ಹಲ್ಲು ಕೂಡ ನನ್ನ ಮೇಜಿಗೆ ಬರಲಿಲ್ಲ. ನನ್ನ ಪಾಲಿಗೆ ಬಂದಿದ್ದು ಸಿಂಪಿ. ಡೈನೊಸಾರುಗಳು ನೆಲದ ಮೇಲೆ ಓಡಾಡ್ತಿದ್ದ ಕಾಲದಲ್ಲಿ ಕಡಲ ತಳದ ಕೆಸರಲ್ಲಿ ತಮ್ಮ ಪಾಡಿಗೆ ತಾವು ಬಿದ್ದುಕೊಂಡಿದ್ದ ಸಿಂಪಿಗಳು. ಗ್ರೈಫಿಯ ಅಂತ ಹೆಸರು. ಆ ಕುಲ ಪೂರ್ತಿ ಅಳಿದುಹೋಗಿದೆ, ಈಗ ಯಾವ ಕಡಲಲ್ಲಿ ಹುಡುಕಿದರೂ ಒಂದೂ ಸಿಗಲ್ಲ. ಇಷ್ಟು ಹೇಳೋ ಹೊತ್ತಿಗೆ ಹೊಸಬರ ಮುಖ ಸಪ್ಪಗಾಗಿರೋದು. ನಾನು ಮಾತಾಡದೆ ಒಂದು ಚಿಪ್ಪು ತೆಗೆದು ಅವರ ಅಂಗೈಲಿ ಇಡ್ತಿದ್ದೆ. ಭಾರಕ್ಕೆ ಕೈ ಒಂದು ಸಲ ಕೆಳಗೆ ಜಗ್ಗೋದು. ಆಮೇಲೇ ಸರಿಯಾಗಿ ಮಾತು ಶುರುವಾಗ್ತಿತ್ತು.

ಈಗ ನಿವೃತ್ತಿಯಾಗಿ ಸಹಕಾರನಗರದ ಮನೇಲಿ ಕೂತಿದೀನಿ. ನನ್ನ ಜಾಗಕ್ಕೆ ಬಂದಿರೋ ಅಪೂರ್ವ ಅನ್ನೋ ಹುಡುಗಿ ಬಿಡಲಿಲ್ಲ. "ಮೇಡಂ, ಕೆಲಸ ನಿಜವಾಗ್ಲೂ ಹೇಗಿರತ್ತೆ ಅಂತ ಬರೆದುಕೊಡಿ. ಪುಸ್ತಕದಲ್ಲಿ ಇರೋದು ಬೇಡ" ಅಂದಳು. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಅನ್ನೋದು ಯಾರಿಗೂ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ. ಆದರೆ ಒಂದು ಬಂಡೆ ವಿಷಯ ಬರೀದೆ ಹೋದರೆ ಈ ಕೆಲಸ ಏನು ಅಂತ ಹೇಳಿದ ಹಾಗೇ ಆಗಲ್ಲ. ಆ ಬಂಡೆಯ ಯಾವ ಮಗ್ಗುಲು ಮೇಲೆ, ಯಾವುದು ಕೆಳಗೆ ಅನ್ನೋದಕ್ಕೇ ಇಬ್ಬರು ಸ್ನೇಹಿತರು ಮಾತು ಬಿಟ್ಟಿದ್ದರು.

ಮೊದಲು ನನ್ನ ಕೆಲಸ ಹೇಳಿಬಿಡ್ತೀನಿ. ಜಾಲಹಳ್ಳಿ ಕಡೆ, ಕಾರ್ಖಾನೆ ಕ್ವಾರ್ಟರ್ಸ್ ದಾಟಿದರೆ ಶೀಟಿನ ಮಾಡಿನ ಒಂದು ಉದ್ದನೆ ಕಟ್ಟಡ. ಒಳಗೆ ರ‍್ಯಾಕುಗಳ ತುಂಬ ಕಲ್ಲು. ಕಲ್ಲಿನೊಳಗೆ ಚಿಪ್ಪು. ಸೂಜಿ, ಕುಂಚ, ಹಳೇ ಹಲ್ಲುಜ್ಜೋ ಬ್ರಷ್ಷು ಹಿಡಿದು ಚಿಪ್ಪಿನ ಸುತ್ತ ಅಂಟಿರೋ ಕಲ್ಲನ್ನ ಬಿಡಿಸೋದು ನನ್ನ ಕೆಲಸ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ "ಆಫೀಸಲ್ಲಿ ಏನಮ್ಮ ಮಾಡ್ತೀಯ?" ಅಂತ ಕೇಳಿದರು. "ಅವರೆಕಾಯಿ ಬಿಡಿಸಿದ ಹಾಗೆ ಅತ್ತೆ, ಕಲ್ಲಿನ ಸಿಪ್ಪೆ ಬಿಡಿಸ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಅದಕ್ಕೆ ಸಂಬಳಾನೂ ಕೊಡ್ತಾರಾ?" ಅಂದರು.

ಈ ಕೆಲಸದಲ್ಲಿ ಯಾರೂ ಹೇಳಿಕೊಡದೇ ಇರೋದು ಒಂದಿದೆ. ಕೂತಲ್ಲೇ ಕನಸು ಬೀಳತ್ತೆ. ನಿದ್ದೆ ಅಲ್ಲ. ಮಧ್ಯಾಹ್ನ ಊಟ ಆದಮೇಲೆ ಕಿಟಕಿ ಆಚೆ ಹೊಂಗೆಮರದ ನೆರಳು ಮೇಜಿನ ಮೇಲೆ ಅಲ್ಲಾಡ್ತಿರತ್ತೆ. ಸೂಜಿ ಕರಕರ ಅಂತಿರತ್ತೆ. ಕಲ್ಲಿನ ಪುಡಿಗೆ ಎರಡು ಹನಿ ನೀರು ಬಿದ್ದ ತಕ್ಷಣ ಒಂದು ವಾಸನೆ ಏಳತ್ತೆ, ಕೆಸರಿನದು, ತಣ್ಣಗೆ. ಆ ವಾಸನೆ ಮೂಗಿಗೆ ಬಿತ್ತು ಅಂದ್ರೆ ನಾನು ಜಾಲಹಳ್ಳಿಯಲ್ಲಿ ಇರ್ತಿರಲಿಲ್ಲ. ನೆಲ ಮೆತ್ತಗಾಗೋದು. ಕಿಟಕಿ ಬೆಳಕು ಹಸಿರಾಗೋದು. ರ‍್ಯಾಕಿನಲ್ಲಿರೋ ಚಿಪ್ಪುಗಳೆಲ್ಲ ಒಂದೊಂದೇ ಮುಚ್ಚಳ ಎತ್ತಿ, ಒಂದಿಷ್ಟು ನೀರು ಒಳಕ್ಕೆಳೆದುಕೊಂಡು, ಮತ್ತೆ ಮುಚ್ಚಿಕೊಳ್ಳೋವು. ಮೇಲೆ ಎಲ್ಲೋ ದೊಡ್ಡದೊಂದು ಪ್ರಾಣಿ ಈಜಿಹೋಗಿ ಅದರ ನೆರಳು ನನ್ನ ಕೈಮೇಲೆ ಹಾದುಹೋಗೋದು. ಅಷ್ಟರಲ್ಲಿ ವಾಯುಸೇನೆ ವಿಮಾನ ತಲೆಮೇಲೆ ಗುಂಯ್ ಅಂದ್ರೆ ಎಚ್ಚರ. ನೋಡಿದರೆ ಕೈ ತನ್ನಷ್ಟಕ್ಕೆ ಕೆಲಸ ಮಾಡಿಕೊಂಡೇ ಹೋಗಿರೋದು, ಒಂದು ಗೀರೂ ಬಿದ್ದಿರ್ತಿರಲಿಲ್ಲ.

ಇನ್ನು ಸಿಂಪಿಯ ಆಕಾರ. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯಲ್ಲ. ಗ್ರೈಫಿಯಕ್ಕೆ ಎರಡು ಚಿಪ್ಪು. ಒಂದು ಗುಂಡಗೆ, ದಪ್ಪಗೆ, ಬಟ್ಟಲಿನ ಹಾಗೆ. ಇನ್ನೊಂದು ಚಪ್ಪಟೆ, ಅದು ಬಟ್ಟಲಿನ ಮುಚ್ಚಳ. ಬದುಕಿರೋವಾಗ ಬಟ್ಟಲು ಕೆಸರಲ್ಲಿ ಕೂತಿರತ್ತೆ, ಮುಚ್ಚಳ ಮೇಲಿರತ್ತೆ. ಹಾಗಾಗಿ ಕಲ್ಲಿನ ಪದರದಲ್ಲಿ ಬಟ್ಟಲೆಲ್ಲ ಕೆಳಗೆ, ಮುಚ್ಚಳ ಮೇಲೆ ಅಂತ ನೆಟ್ಟಗೆ ಕೂತಿದ್ದರೆ, ಅವು ಬದುಕಿದ ಜಾಗದಲ್ಲೇ ಸತ್ತಿವೆ, ಕಡಲು ಶಾಂತವಾಗಿತ್ತು ಅಂತ ಅರ್ಥ. ಬಟ್ಟಲು ಮಗುಚಿ ಬೋರಲು ಬಿದ್ದಿದ್ದರೆ, ಬಿರುಗಾಳಿ ಅಲೆ ಎಲ್ಲಿಂದಲೋ ಎಳೆದುತಂದು ಗುಡ್ಡೆ ಹಾಕಿದೆ ಅಂತ. ಇಷ್ಟೇ ವಿದ್ಯೆ.

ಈ ವಿದ್ಯೆ ನನಗೆ ಹೇಳಿಕೊಟ್ಟವರು ಮುನಿರಾಮಯ್ಯ ಸರ್. ನಮ್ಮ ವಿಭಾಗದ ಮುಖ್ಯಸ್ಥರು. ಕೊಡಿಗೆಹಳ್ಳಿ ಕಡೆ ರಾಗಿ, ದ್ರಾಕ್ಷಿ ಬೆಳೀತಿದ್ದ ಮನೆಯವರು. ಅವರಪ್ಪನ ಹೊಲ ಇದ್ದ ಕಡೆ ಈಗ ಸಾಲುಸಾಲು ಮನೆ. ಎಷ್ಟು ಓದಿದರೂ ಮಾತು ಮಾತ್ರ ಊರಿನದೇ ಉಳಿಯಿತು. ಪರದೇಶದ ಪ್ರೊಫೆಸರ್ ಬಂದು ಇಂಗ್ಲಿಷಲ್ಲಿ ಒಂದು ಗಂಟೆ ಮಾತಾಡಿ ಹೋದಮೇಲೆ ನಮ್ಮ ಕಡೆ ತಿರುಗಿ, "ಅಂಗಲ್ಲ ಕಣ್ರಮ್ಮ, ನಾನು ಏಳ್ತೀನಿ ಕೇಳ್ರಿ" ಅಂತ ಶುರು ಮಾಡೋರು. ಕೋಪ ಬಂದರೆ ಹತ್ತಿರ ಹೋಗೋ ಹಾಗಿರಲಿಲ್ಲ. ಆದರೆ ತಪ್ಪು ಮಾಡಿದವರ ಮೇಲೆ ಅವರಿಗೆ ಕೋಪ ಬಂದಿದ್ದು ನಾನು ನೋಡಿಲ್ಲ. ತಮ್ಮ ಮಾತನ್ನ ಅನುಮಾನಿಸಿದವರ ಮೇಲೆ ಬರ್ತಿತ್ತು.

ತಪ್ಪು ಅಂದ್ರೆ ನೆನಪಾಗೋದು ಪ್ರಕಾಶ್. ಹೊಸದಾಗಿ ಸೇರಿದ ಭೂವಿಜ್ಞಾನಿ, ಉತ್ಸಾಹದ ಬುಗ್ಗೆ. ಯಾವುದೋ ಪುಸ್ತಕದಲ್ಲಿ ಆಸಿಡ್ಡಲ್ಲಿ ನೆನೆಹಾಕಿದರೆ ಕಲ್ಲು ಕರಗಿ ಚಿಪ್ಪು ಉಳಿಯತ್ತೆ ಅಂತ ಓದಿಕೊಂಡು ಬಂದಿದ್ದ. ಅದು ಬೇರೆ ಜಾತಿ ಚಿಪ್ಪಿನ ಮಾತು. ನಮ್ಮ ಸಿಂಪಿ ಪೂರ್ತಿ ಸುಣ್ಣ, ನಿಂಬೆರಸಕ್ಕೂ ನೊರೆ ಬರತ್ತೆ. ಒಂದು ತಟ್ಟೆ ತುಂಬ ಒಳ್ಳೊಳ್ಳೆ ಚಿಪ್ಪುಗಳನ್ನ ಆಸಿಡ್ಡಿಗೆ ಹಾಕಿ ಕಾಫಿಗೆ ಹೋದ. ಬಂದು ನೋಡಿದರೆ ಬುಸಬುಸ ನೊರೆ, ಕೆಳಗೆ ಒಂದಿಷ್ಟು ಬಗ್ಗಡ. ಪಾಪ, ಬೆಳ್ಳಗೆ ಬಿಳಿಚಿಕೊಂಡು ನಿಂತಿದ್ದ. ಸರ್ ಬಂದರು, ಬಗ್ಗಿ ನೋಡಿದರು. "ಓಗ್ಲಿ ಬುಡಪ್ಪ. ಕಡಲಿಂದ ಬಂದಿದ್ದು, ನೀರಾಗಿ ಓಯ್ತು" ಅಂದರು. ಅಷ್ಟೇ. ಅವತ್ತಿನಿಂದ ಪ್ರಕಾಶ್ ಅವರ ಹಿಂದೆ ನೆರಳಾಗಿಬಿಟ್ಟ. ಮಕ್ಕಳಿಲ್ಲದ ಸರ್ ಕೂಡ ಅವನನ್ನ ಮಗನ ಹಾಗೇ ನೋಡಿಕೊಂಡರು. ಯಾವ ಗಣಿಗೆ ಹೋದರೂ ಇಬ್ಬರೂ ಒಟ್ಟಿಗೆ, ಬಸ್ಸಿನ ಅಕ್ಕಪಕ್ಕದ ಸೀಟಲ್ಲಿ ಸಿಂಪಿ ವಿಷಯಕ್ಕೆ ಜಗಳಾಡಿಕೊಂಡು.

ನಮ್ಮ ಸಿಂಪಿಗಳೆಲ್ಲ ಬರ್ತಿದ್ದಿದ್ದು ತಮಿಳುನಾಡಿನ ಅರಿಯಲೂರು ಕಡೆಯ ಸುಣ್ಣಕಲ್ಲು ಗಣಿಗಳಿಂದ. ಸಿಮೆಂಟಿಗೆ ಅಂತ ಕಲ್ಲು ತೆಗೆಯೋ ಜಾಗ. ಅಲ್ಲಿ ಒಂದು ಪದರದಲ್ಲಿ ಕೈಯಿಟ್ಟಲ್ಲೆಲ್ಲ ಗ್ರೈಫಿಯ. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ನಿಂತಾಗ ಆ ಕಂಬಗಳನ್ನ ನೋಡಿ ನಾನು ಎಷ್ಟೋ ಸಲ ಯೋಚಿಸಿದೀನಿ, ಇದರಲ್ಲಿ ಎಷ್ಟು ಸಿಂಪಿ ಅರೆದು ಹಾಕಿದಾರೋ ಅಂತ. ಆ ಪದರದ ಒಂದು ಮೂಲೆ ಬಗ್ಗೆ ಸರ್ ಬಹಳ ವರ್ಷದಿಂದ ಬರೀತಾ ಬಂದಿದ್ದರು. ಅಲ್ಲಿ ಕಡಲು ತೊಟ್ಟಿಲ ಹಾಗೆ ಶಾಂತವಾಗಿತ್ತು, ಸಿಂಪಿಗಳು ಅಲ್ಲೇ ಹುಟ್ಟಿ ಅಲ್ಲೇ ಸತ್ತವು ಅಂತ. ಅವರು ಬಿಡಿಸಿದ ಹಳೇ ಕಡಲತೀರದ ನಕ್ಷೆ ಪೂರ್ತಿ ಅದರ ಮೇಲೆ ನಿಂತಿತ್ತು. ಆ ಮೂಲೆಗೇ ಸಿಡಿಮದ್ದು ಇಡ್ತಾರೆ ಅಂತ ಒಂದು ದಿನ ಗಣಿಯಿಂದ ಸುದ್ದಿ ಬಂತು. ಸರ್ ಮತ್ತು ಪ್ರಕಾಶ್ ಲಾರಿ ಮಾಡಿಕೊಂಡು ಹೊರಟರು, ಪದರದ ಒಂದು ತುಂಡನ್ನಾದರೂ ಇಡಿಯಾಗಿ ಎತ್ತಿಕೊಂಡು ಬರೋಣ ಅಂತ.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ನೆಲದಿಂದ ಯಾವ ಕಲ್ಲನ್ನೇ ಎಬ್ಬಿಸಲಿ, ಮೊದಲ ಉಳಿಪೆಟ್ಟು ಬೀಳೋ ಮುಂಚೆ ಅದರ ಮೇಲೆ ಬಣ್ಣದಲ್ಲಿ ಒಂದು ಬಾಣ ಬರೀಬೇಕು, ಆಕಾಶದ ಕಡೆಗೆ. ಎಬ್ಬಿಸಿದ ಮೇಲೆ ಕಲ್ಲಿಗೆ ತಲೆ ಇಲ್ಲ, ಕಾಲಿಲ್ಲ. ಬಾಣವೇ ಎಲ್ಲ. ದೊಡ್ಡ ಕಲ್ಲಾದರೆ ಒದ್ದೆ ಕಾಗದ ಹೊದಿಸಿ, ಗೋಣಿ ಪಟ್ಟಿಯನ್ನ ಪ್ಲಾಸ್ಟರಲ್ಲಿ ಅದ್ದಿ ಸುತ್ತಬೇಕು, ಮುರಿದ ಕಾಲಿಗೆ ಕಟ್ಟು ಹಾಕ್ತಾರಲ್ಲ ಹಾಗೆ. ಆಮೇಲೆ ತಳ ಕೊರೆದು, ಮಗುಚಿ, ತಳಕ್ಕೂ ಸುತ್ತಬೇಕು. ಪ್ಲಾಸ್ಟರ್ ಮೇಲೆ ಇನ್ನೊಂದು ಸಲ ಬಾಣ.

ಅವತ್ತು ಗಣಿಯಲ್ಲಿ ಮಳೆ ಹನೀತಿತ್ತಂತೆ. ಗಣಿಯವರು ಬೇರೆ, ಸೈರನ್ ಕೂಗೋದರೊಳಗೆ ಜಾಗ ಖಾಲಿ ಮಾಡಿ ಅಂತ ತಲೆ ಮೇಲೆ ಕೂತಿದ್ದರಂತೆ. ಕಲ್ಲೇನೋ ಮುರೀದೆ ಬಂತು. ಲಾರಿ ನಮ್ಮ ಅಂಗಳಕ್ಕೆ ಬಂದಾಗ ನಾನೇ ಟಾರ್ಪಾಲು ತೆಗೆದೆ. ಪ್ಲಾಸ್ಟರ್ ಮೇಲೆ ಒಂದು ಕೆಂಪು ಬಾಣ ಇತ್ತು. ಇನ್ನೊಂದು ಪಕ್ಕದಲ್ಲಿ ಮಾಸಿದ ಒಂದು ನೀಲಿ ಬಾಣ ಇತ್ತು. ಕೆಂಪು ಮೇಲಕ್ಕೆ ತೋರಿಸ್ತಿತ್ತು, ನೀಲಿ ಕೆಳಕ್ಕೆ.

"ಸರ್, ಎರಡು ಬಾಣ ಇದೆಯಲ್ಲ?" ಅಂದೆ.

ಕೆಂಪು ಸರ್ ಬರೆದಿದ್ದು. ನೀಲಿ ಪ್ರಕಾಶ್ ಬರೆದಿದ್ದು. ಗಡಿಬಿಡಿಯಲ್ಲಿ ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಬರಿಯ ಕಲ್ಲಿನ ಮೇಲೆ ಬರೆಯೋಕೆ ಇಬ್ಬರಿಗೂ ಪುರುಸೊತ್ತಾಗಿಲ್ಲ. ಕಲ್ಲು ಮಗುಚೋ ಮುಂಚೆಯೇ ಬರೆದೆ ಅಂತ ಇಬ್ಬರೂ ಅಂತಾರೆ. ಕ್ಯಾಮೆರಾ ಇತ್ತು ಅನ್ನಿ. ಆರ್‌.ಟಿ. ನಗರದ ಸ್ಟುಡಿಯೋಗೆ ಕೊಟ್ಟು ತೊಳೆಸಿದರೆ ರೀಲು ಸುತ್ತೇ ಇರಲಿಲ್ಲ, ಒಂದು ಚಿತ್ರವೂ ಬಂದಿರಲಿಲ್ಲ. ಆ ಹೊತ್ತಿಗೆ ಗಣಿಯ ಆ ಮೂಲೆ ಪುಡಿಯಾಗಿ ಹೋಗಿತ್ತು.

ನಾನು ಕಟ್ಟು ಬಿಚ್ಚಿ, ಎರಡೂ ಬಾಣಗಳನ್ನ ಇದ್ದ ಹಾಗೇ ಕಲ್ಲಿನ ಮೇಲೆ ಬರೆದುಕೊಂಡು, ಕಲ್ಲು ಬಿಡಿಸಿದೆ. ಬಟ್ಟಲುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿದ್ದವು. ಕೆಂಪು ಬಾಣ ನಂಬಿದರೆ ಬಟ್ಟಲು ಕೆಳಗೆ, ಶಾಂತ ಕಡಲು. ನೀಲಿ ನಂಬಿದರೆ ಎಲ್ಲವೂ ಬೋರಲು, ಬಿರುಗಾಳಿ.

"ಇನ್ನೇನ್ರಯ್ಯ ಅನುಮಾನ? ಬಟ್ಟಲು ಕೆಳಗೈತೆ. ಸಿಂಪೀನೇ ಏಳ್ತಾ ಐತಲ್ಲ, ಕೆಂಪೇ ಸರಿ ಅಂತ" ಅಂದರು ಸರ್.

ಪ್ರಕಾಶ್ ಮೆಲ್ಲಗೆ, "ಸರ್, ಬಟ್ಟಲು ಕೆಳಗಿತ್ತಾ ಅನ್ನೋದನ್ನೇ ಅಲ್ವಾ ನಾವು ಕಂಡುಹಿಡೀಬೇಕಾಗಿರೋದು?" ಅಂದ.

ಅವನು ಅಲ್ಲಿಗೇ ಬಿಟ್ಟಿದ್ದರೆ ಆಗ್ತಿತ್ತೇನೋ. ಬಿಡಲಿಲ್ಲ. ಆ ಬಂಡೆಯ ನಡುವೆ ಒಂದೇ ಒಂದು ಸಿಂಪಿ ಬಟ್ಟಲು ಮುಚ್ಚಳ ಎರಡೂ ಸೇರಿಕೊಂಡು ಇಡಿಯಾಗಿ ಉಳಿದಿತ್ತು. ಅಂಗೈಗಿಂತ ದೊಡ್ಡದು, ಮೈತುಂಬ ಸುಕ್ಕು. ಅದಕ್ಕೆ ನಾವು ಅಜ್ಜಿ ಅಂತ ಹೆಸರಿಟ್ಟಿದ್ದೆವು. ಅದನ್ನ ಕೊಯ್ದು ನೋಡೋಣ ಅಂದ ಪ್ರಕಾಶ್. ಸಿಂಪಿ ಸತ್ತಮೇಲೆ ಒಳಗೆ ಕೆಸರು ನುಗ್ಗಿ ತಳಕ್ಕೆ ಕೂರತ್ತೆ. ಮೇಲೆ ಉಳಿದ ಖಾಲಿ ಜಾಗದಲ್ಲಿ ನಿಧಾನವಾಗಿ ಹರಳು ಬೆಳೆಯತ್ತೆ. ಮೇಸ್ತ್ರಿಗಳ ಕೈಲಿರೋ ರಸಮಟ್ಟದ ಹಾಗೆ, ಕೆಸರು ಎಲ್ಲಿದೆಯೋ ಅದೇ ತಳ. ಅವನು ಹೇಳಿದ್ದು ಸರಿಯಾದ ಮಾತು. ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೇ.

"ನನ್ನ ಮಾತಿಗಿಂತ ಆ ಗರಗಸದ ಮಾತು ಎಚ್ಚಾಯ್ತೇನಯ್ಯ ನಿಂಗೆ?" ಅಂದರು ಸರ್. ದನಿ ಏರಲಿಲ್ಲ, ಅದೇ ಕಷ್ಟವಾಗಿದ್ದು. "ಅಜ್ಜೀನ ಯಾರೂ ಮುಟ್ಟಂಗಿಲ್ಲ."

ಪ್ರಕಾಶ್ ನಕ್ಷೆ ವಿಭಾಗಕ್ಕೆ ವರ್ಗ ಕೇಳಿಕೊಂಡು ಮಹಡಿಗೆ ಹೋದ. ಅದೇ ಕಟ್ಟಡ, ಅದೇ ಮೆಟ್ಟಿಲು. ಇಬ್ಬರೂ ಎದುರಾದರೆ ಒಬ್ಬರು ಗೋಡೆ ನೋಡೋರು, ಒಬ್ಬರು ಚಪ್ಪಲಿ ನೋಡೋರು. ನನಗೆ ಇಬ್ಬರ ಮೇಲೂ ಸಿಟ್ಟು. ಎಷ್ಟೋ ಸಲ ಇಬ್ಬರನ್ನೂ ಸ್ಟೋರ್‌ರೂಮಿನಲ್ಲಿ ಕೂಡಿಹಾಕಿ ಬೀಗ ಜಡಿದುಬಿಡೋಣ ಅನ್ನಿಸಿದೆ. ಸರ್ ನಿವೃತ್ತಿಯಾದ ದಿನ ಹಾರ, ಶಾಲು, ಭಾಷಣ ಎಲ್ಲ ಆಯ್ತು. ಪ್ರಕಾಶ್ ಬರಲಿಲ್ಲ. ಸರ್ ಆಟೋ ಹತ್ತಿದ ಮೇಲೆ ಕಿಟಕಿಯಿಂದ ನೋಡ್ತೀನಿ, ಅವನು ಗೇಟಿನಾಚೆ ಬೀಡಾ ಅಂಗಡಿ ಪಕ್ಕ ನಿಂತಿದಾನೆ. ಆಟೋ ತಿರುವು ದಾಟೋವರೆಗೂ ನಿಂತೇ ಇದ್ದ.

ವರ್ಷಗಳು ಹೋದವು. ಕೆಲಸದ ರೀತಿಯೆಲ್ಲ ಬದಲಾಯ್ತು. ಸೂಜಿ ಹೋಗಿ ಗಾಳಿಯಿಂದ ಅದುರೋ ಪೆನ್ನು ಬಂತು. ವಾರಗಟ್ಟಲೆ ಬಿಡಿಸ್ತಿದ್ದ ಚಿಪ್ಪು ಒಂದು ಬೆಳಗ್ಗೆ ಹೊತ್ತಿನಲ್ಲಿ ಬಿಡಿಸಿ ಆಗೋದು. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಆ ಪೆನ್ನಿನ ಕಿರ್ ಅನ್ನೋ ಸದ್ದಿಗೆ ಕನಸು ಹತ್ತಿರ ಸುಳೀತಿರಲಿಲ್ಲ. ಅದಕ್ಕೇ ನಾನು ಕೊನೆಯ ಪದರಕ್ಕೆ ಸೂಜಿಯನ್ನೇ ಹಿಡೀತಿದ್ದೆ. ಹೊಸಬರು ನಗೋರು, ನಗಲಿ. ನೀವೂ ಒಂದು ಸೂಜಿ ಇಟ್ಟುಕೊಳ್ಳಿ.

ಸರ್ ನಿವೃತ್ತಿಯ ನಂತರವೂ ಸೋಮವಾರ ಸೋಮವಾರ ಬರೋರು. ಕಣ್ಣಿನ ನರ ಒಣಗ್ತಾ ಬಂದು ನೋಟ ಮಂಜಾಯ್ತು, ಆಮೇಲೆ ಬೆಳಕು ನೆರಳು ಅಷ್ಟೇ ತಿಳಿಯೋ ಹಾಗಾಯ್ತು. ಆದರೂ ಬರೋರು. ಚಿಪ್ಪು ಕೈಲಿ ತಗೊಂಡು ಬೆರಳಲ್ಲಿ ಸವರಿ, "ಇದು ಮರಿ. ಇದಕ್ಕೆ ಹುಳ ತೂತು ಕೊರೆದೈತೆ" ಅನ್ನೋರು. ಆಮೇಲೆ ಕಿಟಕಿ ಕಡೆ ಮುಖ ಮಾಡಿ ಸುಮ್ಮನೆ ಕೂರೋರು. ಅವರು ಆ ಶಾಂತ ಕಡಲಿನ ತಳದಲ್ಲಿ ಕೂತಿರ್ತಿದ್ದರು ಅಂತ ನನಗೆ ಗೊತ್ತು. ತಲೆಮೇಲೆ ನೀರು, ಸುತ್ತ ಸಿಂಪಿ, ಒಂದು ಅಲೆಯೂ ಇಲ್ಲ. ಎಬ್ಬಿಸೋಕೆ ಮನಸ್ಸು ಬರ್ತಿರಲಿಲ್ಲ. ಕಾಫಿ ಆರಿಹೋಗೋದು.

ಪ್ರಕಾಶನೂ ಅವಧಿಗೆ ಮುಂಚೆಯೇ ನಿವೃತ್ತಿ ತಗೊಂಡು ಟಿ. ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ. ಹಬ್ಬಕ್ಕೆ ಫೋನ್ ಮಾಡಿದರೆ, "ಬಂಡೆ ಹೇಗಿದೆ ಮೇಡಂ?" ಅನ್ನೋನು. ಸರ್ ಹೇಗಿದಾರೆ ಅಂತ ಬಾಯಿಬಿಟ್ಟು ಕೇಳಿದವನಲ್ಲ. ಸರ್ ಆದರೋ, ಇದ್ದಕ್ಕಿದ್ದಂತೆ, "ಅಲ್ಲಮ್ಮ ವನಜಾ, ಇಲ್ಲಿಂದ ದಾಸ್ರಳ್ಳಿಗೆ ಈಗ್ಲೂ ಬಸ್ ಓಯ್ತವಾ?" ಅನ್ನೋರು. "ಹೋಗ್ತವೆ ಸರ್" ಅಂದ್ರೆ, "ಊಂ" ಅಂದು ಸುಮ್ಮನಾಗೋರು.

ನನ್ನ ಕೊನೆಯ ವರ್ಷದಲ್ಲಿ ನಮ್ಮ ಕಟ್ಟಡದಲ್ಲೇ ಒಂದು ಪ್ರದರ್ಶನ ಕೋಣೆ ಮಾಡಬೇಕು ಅಂತಾಯ್ತು. ಅಪೂರ್ವ ಅದರ ಉಸ್ತುವಾರಿ. ಶಾಲೆ ಮಕ್ಕಳು ಬಂದು ನೋಡೋ ಹಾಗೆ ಬಾಗಿಲ ಎದುರಿಗೇ ನಮ್ಮ ಬಂಡೆ. ಕಟ್ಟೆ ಕಟ್ಟಿ, ಬಂಡೆಯ ಬುಡವನ್ನ ಸಿಮೆಂಟಲ್ಲಿ ಹೂತು, ಸುತ್ತ ಗಾಜು ಹಾಕೋದು. ಮೇಸ್ತ್ರಿ ಸಿಮೆಂಟು ಕಲಸೋಕೆ ಮುಂಚೆ ಬಂದು, "ಅಮ್ಮಾ, ಯಾವ ಮಗ್ಗುಲು ಮೇಲೆ ಬರ್ಬೇಕು?" ಅಂದ.

ಅಪೂರ್ವ ನನ್ನ ಮುಖ ನೋಡಿದಳು. ನಾನು ಬಂಡೆ ನೋಡಿದೆ. ಒಂದು ಸಲ ಹೂತರೆ ಮುಗೀತು, ಮುಂದೆ ಬರೋ ಮಕ್ಕಳೆಲ್ಲ ನಾವು ಇಟ್ಟಿದ್ದನ್ನೇ ನಿಜ ಅಂತ ನೋಡಿಕೊಂಡು ಹೋಗ್ತಾರೆ. "ಇವತ್ತು ಬೇಡಪ್ಪ" ಅಂದೆ.

ಕೊಯ್ಯದೆ ಒಳಗೆ ನೋಡೋಕಾಗತ್ತಾ ಅಂತ ಅಪೂರ್ವಳಿಗೊಂದು ಯೋಚನೆ ಬಂತು. ಅಜ್ಜಿಯನ್ನ ಬಂಡೆಯಿಂದ ಜೋಪಾನವಾಗಿ ಬಿಡಿಸಿ, ಟವೆಲ್ಲಲ್ಲಿ ಸುತ್ತಿ, ಹೆಬ್ಬಾಳದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ತಗೊಂಡು ಹೋದೆವು. ಅಪೂರ್ವಳ ಗೆಳತಿ ಅಲ್ಲಿ ಡಾಕ್ಟರು. ಕೌಂಟರಿನ ಹುಡುಗಿ ತಲೆ ಎತ್ತದೆ, "ಪೇಷಂಟ್ ಹೆಸರು?" ಅಂದಳು.

"ಅಜ್ಜಿ" ಅಂದೆ.

"ವಯಸ್ಸು?"

"ಸುಮಾರಾಗಿದೆ ಕಣಮ್ಮ. ಡೈನೊಸಾರ್ ಓಡಾಡೋವಾಗ ಇದ್ದೋರು."

ಅವಳು ಆಗ ತಲೆ ಎತ್ತಿದಳು. ಯಂತ್ರದೊಳಗೆ ಇಟ್ಟಿದ್ದೂ ಆಯ್ತು, ನೋಡಿದ್ದೂ ಆಯ್ತು. ಪರದೆಮೇಲೆ ಪೂರ್ತಿ ಬಿಳಿ. ಕೆಸರೂ ಸುಣ್ಣವೇ, ಹರಳೂ ಸುಣ್ಣವೇ, ಚಿಪ್ಪೂ ಸುಣ್ಣವೇ. ಯಂತ್ರಕ್ಕೆ ಭೇದ ಗೊತ್ತಾಗಲಿಲ್ಲ. ಅಜ್ಜಿಯನ್ನ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ವಾಪಸ್ ಬಂದೆವು.

ಆ ಸೋಮವಾರ ಸರ್‌ಗೆ ಎಲ್ಲ ಹೇಳಿದೆ. ಕಟ್ಟೆ, ಮೇಸ್ತ್ರಿ, ಸ್ಕ್ಯಾನು ಎಲ್ಲ. ಹೇಳೋವಾಗ ನನಗೆ ಒಳಗೊಳಗೇ ಭಯ. ಅವರು "ಕೆಂಪು ಬಾಣದ ಪ್ರಕಾರ ಇಡಿ" ಅಂದಿದ್ದರೆ ನಾವು ಇಟ್ಟುಬಿಡ್ತಿದ್ದೆವು. ಅವರ ಮಾತು ಮೀರೋ ಶಕ್ತಿ ನನಗಿರಲಿಲ್ಲ. ಅವರು ಅಜ್ಜಿಯನ್ನ ಕೇಳಿ ಇಸ್ಕೊಂಡು ಬಹಳ ಹೊತ್ತು ಸವರಿದರು. ಬಟ್ಟಲು, ಸುಕ್ಕು, ಮುಚ್ಚಳದ ಅಂಚು.

"ಕೊಯ್ಯಮ್ಮ" ಅಂದರು.

"ಸರ್, ಇರೋದು ಇದೊಂದೇ."

"ಒಂದೇ ಇರೋದ್ಕೇ ಏಳ್ತಿರೋದು. ನಾನು ಓದ್ಮೇಲೆ ಕೊಯ್ದ್ರೆ ನಂಗೆಂಗೆ ಗೊತ್ತಾಗ್ಬೇಕು?"

ಗರಗಸಕ್ಕೆ ನೀರು ಬಿಟ್ಟೆ. ಅಪೂರ್ವ ಪಕ್ಕದಲ್ಲಿ ನಿಂತಿದ್ದಳು. ಅಲಗು ಚಿಪ್ಪಿಗೆ ತಾಗಿದ ಕೂಡಲೇ ಆ ವಾಸನೆ ಎದ್ದಿತು, ತಣ್ಣನೆ ಕೆಸರಿನದು. ಆ ಕೆಸರು ಬೆಳಕು ಕಂಡು ಎಷ್ಟು ಕೋಟಿ ವರ್ಷ ಆಗಿತ್ತೋ. ಒಂದು ಕ್ಷಣ ನನಗೆ ಸುತ್ತಲೂ ನೀರೇ ತುಂಬಿಕೊಂಡ ಹಾಗಾಯ್ತು, ಗರಗಸದ ಸದ್ದು ದೂರ ಹೋಯ್ತು. ಅಜ್ಜಿ ಎರಡು ಹೋಳಾಗಿ ನನ್ನ ಅಂಗೈಗೆ ಬಂದಳು.

ಒಂದು ಕಡೆ ಬೂದುಬಣ್ಣದ ಕೆಸರು, ಗೆರೆ ಎಳೆದ ಹಾಗೆ ಮಟ್ಟಸ. ಇನ್ನೊಂದು ಕಡೆ ಜೇನಿನ ಬಣ್ಣದ ಹರಳು, ಫಳಫಳ. ಅಷ್ಟು ಚೆಂದದ್ದು ನಾನು ಇಡೀ ಸರ್ವೀಸಿನಲ್ಲಿ ನೋಡಿರಲಿಲ್ಲ. ಕೆಸರು ಮುಚ್ಚಳದ ಕಡೆ ಇತ್ತು.

ಹೇಗೆ ಹೇಳಲಿ? ಕಣ್ಣಿಲ್ಲದ ಮನುಷ್ಯ, ಬದುಕಿಡೀ ನಂಬಿಕೊಂಡು ಬಂದಿದ್ದು. ಸುಳ್ಳು ಹೇಳಿಬಿಡೋಣ ಅಂತ ಖಂಡಿತ ಅನ್ನಿಸಿತು. ಅಷ್ಟರಲ್ಲಿ ಅವರು ಕೈ ಚಾಚಿದರು. ಒಂದು ಹೋಳು ಕೊಟ್ಟೆ.

ಎಡಗೈಯಲ್ಲಿ ಬಟ್ಟಲು ಹಿಡಿದು ಬಲಗೈ ತೋರುಬೆರಳನ್ನ ಕೊಯ್ದ ಮೈಮೇಲೆ ಇಟ್ಟರು. ಹರಳು ಗಾಜಿನ ಹಾಗೆ ನುಣುಪು, ಕೆಸರು ತರಿತರಿ. ಬೆರಳು ನಿಧಾನವಾಗಿ ನುಣುಪಿನ ಮೇಲೆ ಜಾರಿತು, ಗೆರೆ ಹತ್ತಿರ ನಿಂತಿತು, ದಾಟಿತು. ವಾಪಸ್ ಬಂತು. ಇನ್ನೊಂದು ಸಲ ಹೋಯ್ತು.

"ಮುಚ್ಚಳದ ಕಡೆ ಕೆಸರು" ಅಂದರು.

"ಹೂಂ ಸರ್."

"ಬೋರಲು ಬಿದ್ದಿತ್ತು."

"ಹೂಂ ಸರ್."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಮುಖವನ್ನ ಕಿಟಕಿ ಕಡೆ ತಿರುಗಿಸಿ ಕೂತರು. ಆಮೇಲೆ ತಮಗೆ ತಾವೇ ಅನ್ನೋ ಹಾಗೆ, "ದೊಡ್ಡ ಗಾಳಿ ಎದ್ದಿತ್ತು ಕಣಮ್ಮ ಅವತ್ತು. ಅಲೆ ತಳಾನೇ ಕಿತ್ಕೊಂಡು ಬಂದೈತೆ. ಎಲ್ಲಾನೂ ಉಳ್ಳಾಡಿಸ್ಕೊಂಡು ತಂದು ಇಲ್ಲಿ ಸುರಿದೈತೆ. ನಾನು ಅಲ್ಲೇ ಕೂತಿದ್ದೆ, ನಂಗೆ ಕೇಳಿಸ್ಲೇ ಇಲ್ಲ" ಅಂದರು. ಅಪೂರ್ವ ಮೆಲ್ಲಗೆ ಆಚೆ ಹೋಗಿ ಮೇಸ್ತ್ರಿಗೆ, ನೀಲಿ ಬಾಣ ಮೇಲೆ ಬರಬೇಕು ಅಂತ ಹೇಳಿದಳು. ಮೇಸ್ತ್ರಿಯ ಆಳುಗಳು ಹಾರೆ ಹಾಕಿ ಬಂಡೆಯನ್ನ ಮಗುಚೋ ಸದ್ದು ಒಳಗಿನವರೆಗೂ ಬಂತು. ಸರ್ ಕೇಳಿಸಿಕೊಂಡರು.

"ಪ್ರಕಾಶಂಗೆ ಫೋನ್ ಆಕಮ್ಮ" ಅಂದರು.

ನಂಬರ್ ಒತ್ತಿ, ಸ್ಪೀಕರ್ ಹಾಕಿ, ಮೊಬೈಲನ್ನ ಅವರ ಕೈಲಿಟ್ಟೆ. ಆ ಕಡೆಯಿಂದ "ಹಲೋ, ಹೇಳಿ ಮೇಡಂ" ಅಂತು ಪ್ರಕಾಶನ ದನಿ. ಹಿಂದೆ ಕುಕ್ಕರ್ ಕೂಗ್ತಿತ್ತು.

"ಪ್ರಕಾಶ... ನಾನು ಕಣಪ್ಪ. ಮುನಿರಾಮಯ್ಯ."

ಸರ್ ಮೊಬೈಲನ್ನ ಬಾಯಿಗೆ ಇನ್ನೂ ಹತ್ತಿರ ಹಿಡಿದರು.

"ಅಜ್ಜೀನ ಕೊಯ್ಸ್‌ದೆ. ಕೆಸರು ಮುಚ್ಚಳದ ಕಡೆ ಐತೆ. ನಿನ್ನ ಬಾಣಾನೇ ಸರಿ. ನೀನು ಅವತ್ತೇ ಏಳ್ದೆ. ನಾನು ಕೇಳ್ಲಿಲ್ಲ."

ಕುಕ್ಕರ್ ಇನ್ನೊಂದು ಸಲ ಕೂಗಿ ನಿಂತಿತು. ಆಮೇಲೆ ಪ್ರಕಾಶ್ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಸರ್, ಊಟ ಆಯ್ತಾ?" ಅಂದ.

"ಇಲ್ಲ ಕಣಪ್ಪ" ಅಂದರು.

"ಅಲ್ಲೇ ಇರಿ. ಡಬ್ಬಿ ಕಟ್ಟಿಸ್ಕೊಂಡು ಬರ್ತೀನಿ."